ಗಣಕಯಂತ್ರದೊಳಗಿನ ಮೊಬೈಲು ಜಾಲ

ಊರಿನ ಹೊರಗೆ ಹೊಸದಾಗಿ ಎದ್ದುನಿಂತ ಮೊಬೈಲು ಟವರನ್ನು ನಾವೆಲ್ಲರೂ ನೋಡಿದ್ದೇವೆ. ಅದನ್ನು ಅಲ್ಲಿಯೇ ಏಕೆ ನಿಲ್ಲಿಸಿದರು, ಅರ್ಧ ಕಿಲೋಮೀಟರು ಈಚೆಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತು, ಅದರ ಆಸರೆಯಲ್ಲಿ ಏಕಕಾಲಕ್ಕೆ ಎಷ್ಟು ಮಂದಿ ಮಾತನಾಡಬಹುದು ಎಂಬ ಪ್ರಶ್ನೆಗಳನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಂಡಿರಲಾರೆವು. ಟವರನ್ನು ಕಟ್ಟಿ, ಪರೀಕ್ಷಿಸಿ, ಸರಿಹೋಗದಿದ್ದರೆ ಕಿತ್ತು ಬೇರೆಡೆ ನೆಡುವುದು ಆಗುವ ಮಾತಲ್ಲ. ಒಂದು ಟವರಿನ ಮಟ್ಟಿಗೆ ಹೇಗೋ ಆದೀತೆಂದರೂ, ಇನ್ನೂ ಹುಟ್ಟಿಯೇ ಇರದ ಹೊಸ ಪೀಳಿಗೆಯ ಜಾಲವೊಂದನ್ನು, ಲಕ್ಷಾಂತರ ಟವರುಗಳನ್ನೂ ಕೋಟ್ಯಂತರ ಫೋನುಗಳನ್ನೂ ಒಳಗೊಳ್ಳಬೇಕಾದ ಜಾಲವನ್ನು, ಕಟ್ಟುವ ಮೊದಲೇ ಅದರ ಗುಣದೋಷಗಳನ್ನು ಅಳೆಯುವುದು ಹೇಗೆ?

ಕಾಗದದ ಮೇಲೆ ಸಮೀಕರಣಗಳನ್ನು ಬರೆದು ಬಿಡಿಸುವುದು ಒಂದು ದಾರಿ. ಆದರೆ ಪ್ರತಿಯೊಂದು ಫೋನೂ ಬೇರೊಂದು ಕಡೆ ಇದ್ದು, ಪ್ರತಿಯೊಂದು ಕಟ್ಟಡವೂ ಅಲೆಯನ್ನು ತನಗೆ ತೋಚಿದಂತೆ ತಡೆದು ತಿರುಗಿಸುವ ಜಗತ್ತಿನಲ್ಲಿ ಸಮೀಕರಣಗಳು ಬಹುಬೇಗ ಕೈಮೀರಿ ಹೋಗುತ್ತವೆ. ಆದುದರಿಂದ ಎಂಜಿನಿಯರುಗಳು ಮತ್ತೊಂದು ದಾರಿ ಹಿಡಿದಿದ್ದಾರೆ. ಜಾಲದ ಪ್ರತಿರೂಪವೊಂದನ್ನು ಗಣಕಯಂತ್ರದೊಳಗೆ ನಿರ್ಮಿಸಿ, ಅದರಲ್ಲಿ ಇಲ್ಲದ ಟವರುಗಳಿಂದ ಇಲ್ಲದ ಜನರಿಗೆ ಸಂಕೇತಗಳನ್ನು ಕಳುಹಿಸಿ, ಯಾರಿಗೆ ಎಷ್ಟು ಮುಟ್ಟಿತೆಂದು ಎಣಿಸುತ್ತಾರೆ. ಇದಕ್ಕೆ ಸಿಮ್ಯುಲೇಷನ್ ಎಂದು ಹೆಸರು. ನಾವು ಅನುಕರಣೆ ಎನ್ನೋಣ. ಈ ಲೇಖನದಲ್ಲಿ ಅಂಥದೊಂದು ಚಿಕ್ಕ ಅನುಕರಣೆಯನ್ನು ಕಾಗದ ಪೆನ್ಸಿಲುಗಳಿಂದಲೇ ನಡೆಸಿ, ನಗರದ ಮಟ್ಟಿಗೆ ಒಪ್ಪುವ ಉತ್ತರವನ್ನು ಕೊಡುವ ಅದೇ ಅನುಕರಣೆ ಹಳ್ಳಿಗೆ ಬಂದಾಗ ಹೇಗೆ ಕುರುಡಾಗುತ್ತದೆಂಬುದನ್ನು ಪರಿಶೀಲಿಸೋಣ.

ಜೇನುಗೂಡಿನ ನಕ್ಷೆ

ರೇಡಿಯೊ ಅಲೆಯು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುವುದೋ ಆ ಸಂಖ್ಯೆಗೆ ಕಂಪನಾಂಕವೆಂದು ಹೆಸರು. ದೂರವಾಣಿಗೆಂದು ಮೀಸಲಾಗಿರುವ ಕಂಪನಾಂಕಗಳ ಪಟ್ಟಿ ಬಹಳ ಕಿರಿದು. ನಗರದ ನಡುವೆ ಎತ್ತರವಾದ ಒಂದೇ ಟವರನ್ನು ನಿಲ್ಲಿಸಿ ಇಡೀ ಪಟ್ಟಿಯನ್ನು ಅದಕ್ಕೇ ಒಪ್ಪಿಸಿದರೆ, ಅಷ್ಟು ದೊಡ್ಡ ನಗರದಲ್ಲಿ ಏಕಕಾಲಕ್ಕೆ ಕೆಲವೇ ಮಂದಿ ಮಾತನಾಡಲು ಸಾಧ್ಯ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಡಗ್ಲಸ್ ರಿಂಗ್ ಅವರು ೧೯೪೭ರ ಡಿಸೆಂಬರಿನಲ್ಲಿ ಬರೆದ ಒಂದು ಆಂತರಿಕ ಟಿಪ್ಪಣಿಯಲ್ಲಿ ಇದಕ್ಕೆ ಪರಿಹಾರವಿತ್ತು. ನಗರವನ್ನು ಜೇನುಗೂಡಿನಂತೆ ಷಟ್ಕೋನಗಳಾಗಿ ವಿಭಾಗಿಸುವುದು, ಪ್ರತಿ ಕೋಶಕ್ಕೂ ಕಡಿಮೆ ಶಕ್ತಿಯ ಚಿಕ್ಕ ಟವರೊಂದನ್ನು ಕೊಡುವುದು, ಸಾಕಷ್ಟು ದೂರವಿರುವ ಕೋಶಗಳಲ್ಲಿ ಅದೇ ಕಂಪನಾಂಕಗಳನ್ನು ಮತ್ತೆ ಮತ್ತೆ ಬಳಸುವುದು. ಮೊಬೈಲಿಗೆ ಇಂಗ್ಲಿಷಿನಲ್ಲಿ ಸೆಲ್ ಫೋನ್ ಎಂಬ ಹೆಸರು ಬಂದುದು ಈ ಕೋಶಗಳಿಂದಲೇ. ಕಲ್ಪನೆ ಕಾರ್ಯರೂಪಕ್ಕೆ ಬರಲು ಮೂರು ದಶಕಗಳು ಹಿಡಿದವು: ಟೋಕಿಯೋದಲ್ಲಿ ೧೯೭೯ರಲ್ಲಿ, ಅಮೆರಿಕದ ಷಿಕಾಗೋದಲ್ಲಿ ೧೯೮೩ರ ಅಕ್ಟೋಬರಿನಲ್ಲಿ ಇಂಥ ಸೇವೆ ಜನರಿಗೆ ದೊರಕಿತು.

ಎಷ್ಟು ದೂರವಾದರೆ ಸಾಕಷ್ಟು ದೂರ? ಹಿಂದಿನ ಜಾಲಗಳಲ್ಲಿ ನೆರೆಹೊರೆಯ ಕೋಶಗಳಿಗೆ ಒಂದೇ ಕಂಪನಾಂಕವನ್ನು ಕೊಡುತ್ತಿರಲಿಲ್ಲ. ಇಂದಿನ ನಾಲ್ಕನೆಯ ಮತ್ತು ಐದನೆಯ ಪೀಳಿಗೆಯ ಜಾಲಗಳು ಈ ಸಂಕೋಚವನ್ನು ಬಿಟ್ಟಿವೆ. ಸಾಮಾನ್ಯವಾಗಿ ಎಲ್ಲ ಟವರುಗಳೂ ಎಲ್ಲ ಕಂಪನಾಂಕಗಳಲ್ಲೂ ಪ್ರಸಾರಮಾಡುತ್ತವೆ. ಲಾಭ ದೊಡ್ಡದು, ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. ಒಂದು ಕೋಶದ ಅಂಚಿನಲ್ಲಿರುವ ಫೋನಿಗೆ ತನ್ನ ಟವರಿನ ಮಾತಿನೊಡನೆ ನೆರೆಯ ಟವರು ಬೇರೆ ಯಾರಿಗೋ ಆಡುತ್ತಿರುವ ಮಾತೂ ಅಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ. ಸಂತೆಯಲ್ಲಿ ಸ್ನೇಹಿತನ ಮಾತನ್ನು ಆಲಿಸುವವನ ಪಾಡು ಅದರದು.

ಅಲೆ ಕುಗ್ಗುವ ಬಗೆ

ಅನುಕರಣೆಗೆ ಮೊದಲು ಬೇಕಾದುದು, ದೂರ ಹೋದಂತೆ ಅಲೆಯ ಶಕ್ತಿ ಹೇಗೆ ಕುಗ್ಗುತ್ತದೆಂಬ ನಿಯಮ. ತೆರೆದ ಆಕಾಶದಲ್ಲಾದರೆ ಅದು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಶಕ್ತಿ ನಾಲ್ಕನೆಯ ಒಂದು ಭಾಗ. ಮನೆಮರಗಳಿರುವ ನೆಲದ ಮೇಲೆ ಕುಗ್ಗುವಿಕೆ ಇನ್ನೂ ತೀವ್ರ. ಜಪಾನಿನ ಒಕುಮುರಾ ಮತ್ತು ಸಂಗಡಿಗರು ಟೋಕಿಯೋ ಸುತ್ತಮುತ್ತ ಸಂಕೇತದ ಬಲವನ್ನು ಅಳೆದು ೧೯೬೮ರಲ್ಲಿ ರೇಖಾಚಿತ್ರಗಳನ್ನು ಪ್ರಕಟಿಸಿದರು. ೧೯೮೦ರಲ್ಲಿ ಹಾತಾ ಎಂಬುವರು ಆ ರೇಖಾಚಿತ್ರಗಳನ್ನು ಸುಲಭವಾದ ಸೂತ್ರಗಳಾಗಿ ಮಾರ್ಪಡಿಸಿದರು. ೩೦ ಮೀಟರು ಎತ್ತರದ ಟವರಿಗೆ ಹಾತಾ ಸೂತ್ರವನ್ನು ಹಚ್ಚಿದರೆ, ಶಕ್ತಿಯು ದೂರದ ಸುಮಾರು ಮೂರೂವರೆ ಘಾತಕ್ಕೆ ವಿಲೋಮವಾಗಿರುವುದು ಕಾಣಬರುತ್ತದೆ. ಲೆಕ್ಕ ಸುಲಭವಾಗಲೆಂದು ನಾವು ನಾಲ್ಕನೆಯ ಘಾತವನ್ನೇ ಇಟ್ಟುಕೊಳ್ಳೋಣ.

ಎರಡನೆಯದಾಗಿ, ಸಂಕೇತ ಇಷ್ಟು, ಅಡ್ಡಿ ಇಷ್ಟು ಎಂದು ತಿಳಿದ ಮೇಲೆ ಎಷ್ಟು ಮಾಹಿತಿಯನ್ನು ಸಾಗಿಸಬಹುದೆಂಬುದು ತಿಳಿಯಬೇಕು. ಇದರ ಮೇಲ್ಮಿತಿಯನ್ನು ಕ್ಲಾಡ್ ಶ್ಯಾನನ್ ಅವರು ೧೯೪೮ರಲ್ಲಿಯೇ ಕಂಡುಹಿಡಿದರು. ಸಂಕೇತಕ್ಕೂ ಅಡ್ಡಿಗೂ ಇರುವ ನಿಷ್ಪತ್ತಿಗೆ ೧ನ್ನು ಕೂಡಿಸಿ, ೨ನ್ನು ಆಧಾರವಾಗಿಟ್ಟು ಅದರ ಲಘುಗಣಕವನ್ನು ತೆಗೆದರೆ, ಪಟ್ಟಿಯ ಅಗಲದ ಪ್ರತಿಯೊಂದು ಹರ್ಟ್ಸಿಗೆ ಸೆಕೆಂಡಿಗೆ ಎಷ್ಟು ಬಿಟ್ ಎಂಬ ಸಂಖ್ಯೆ ಬರುತ್ತದೆ. ನಿಜವಾದ ಯಂತ್ರಗಳು ಈ ಮಿತಿಗಿಂತ ಸ್ವಲ್ಪ ಕೆಳಗೇ ಉಳಿಯುತ್ತವೆ. ನಮಗೆ ಮಿತಿಯೇ ಸಾಕು.

ರಸ್ತೆಯ ಮೇಲಿನ ಮೂರು ಟವರುಗಳು

ನೇರವಾದ ಒಂದು ರಸ್ತೆ. ಅದರ ಮೇಲೆ ೨ ಕಿಲೋಮೀಟರಿಗೊಂದರಂತೆ ಮೂರು ಟವರುಗಳು. ನಡುವಿನ ಟವರಿಗೆ ಸೇರಿದ ಫೋನೊಂದು ಅದರಿಂದ ೦.೫ ಕಿಲೋಮೀಟರು ಬಲಕ್ಕಿದೆಯೆಂದು ಇಟ್ಟುಕೊಳ್ಳೋಣ. ಬಲಗಡೆಯ ಟವರು ಅದಕ್ಕೆ ೧.೫ ಕಿಲೋಮೀಟರು ದೂರ, ಅಂದರೆ ಮೂರರಷ್ಟು. ೩ರ ನಾಲ್ಕನೆಯ ಘಾತ ೮೧. ಎಡಗಡೆಯದು ೨.೫ ಕಿಲೋಮೀಟರು ದೂರ, ಅಂದರೆ ಐದರಷ್ಟು. ೫ರ ನಾಲ್ಕನೆಯ ಘಾತ ೬೨೫. ತನ್ನ ಟವರಿನ ಸಂಕೇತವನ್ನು ೧ ಎಂದರೆ, ಅಡ್ಡಿಯು ೧/೮೧ ಮತ್ತು ೧/೬೨೫ ಇವುಗಳ ಮೊತ್ತ. ನಿಷ್ಪತ್ತಿ ಸುಮಾರು ೭೨ ಆಗುತ್ತದೆ. ಶ್ಯಾನನ್ ಸೂತ್ರದಂತೆ ೬.೨ ಬಿಟ್.

ಅದೇ ಫೋನು ೦.೯ ಕಿಲೋಮೀಟರಿಗೆ ಸರಿದರೆ? ಆಗ ಬಲಗಡೆಯ ಟವರು ೧.೧ ಕಿಲೋಮೀಟರಿನಲ್ಲಿಯೇ ಇದೆ. ಲೆಕ್ಕಹಾಕಿದರೆ ನಿಷ್ಪತ್ತಿ ೨.೨ಕ್ಕೆ ಕುಸಿದು ೧.೭ ಬಿಟ್ ಮಾತ್ರ ಉಳಿಯುತ್ತದೆ. ಸರಿಯಾಗಿ ನಡುಗಡಿಯಲ್ಲಿ, ಅಂದರೆ ೧ ಕಿಲೋಮೀಟರಿನಲ್ಲಿ, ೧ ಬಿಟ್ ಕೂಡ ಪೂರ್ತಿ ಇಲ್ಲ. ನಾಲ್ಕುನೂರು ಮೀಟರು ನಡೆದುದಕ್ಕೆ ವೇಗ ಕಾಲುಭಾಗಕ್ಕೂ ಇಳಿಯಿತು, ಐನೂರು ನಡೆದುದಕ್ಕೆ ಆರನೆಯ ಒಂದು ಭಾಗಕ್ಕೆ. ಒಂದೇ ಟವರು, ಒಂದೇ ಫೋನು, ತೆರುವ ಹಣವೂ ಒಂದೇ.

ಆದರೆ ಇದು ಇನ್ನೂ ರೇಖಾಗಣಿತ. ಇಲ್ಲಿ ಯಾದೃಚ್ಛಿಕವಾದುದೇನೂ ಬಂದಿಲ್ಲ. ನಿಜವಾದ ರಸ್ತೆಯಲ್ಲಿ ಒಂದೇ ದೂರದಲ್ಲಿರುವ ಇಬ್ಬರಿಗೆ ಒಂದೇ ಬಲದ ಸಂಕೇತ ಸಿಕ್ಕುವುದಿಲ್ಲ. ಒಬ್ಬನು ಕಲ್ಯಾಣಮಂಟಪದ ಹಿಂದೆ ನಿಂತಿದ್ದಾನೆ, ಇನ್ನೊಬ್ಬನಿಗೆ ಟವರು ನೇರವಾಗಿ ಕಾಣುತ್ತಿದೆ. ಈ ನೆರಳಿನ ಪರಿಣಾಮವನ್ನು ಡೆಸಿಬೆಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ೧೦ ಡೆಸಿಬೆಲ್ ಎಂದರೆ ಹತ್ತರಷ್ಟು, ೨೦ ಎಂದರೆ ನೂರರಷ್ಟು, ೩ ಎಂದರೆ ಸುಮಾರು ಎರಡರಷ್ಟು. ನಗರಗಳಲ್ಲಿ ನೆರಳಿನ ಏರಿಳಿತವು ಸರಾಸರಿಯ ಆಚೀಚೆ ಗಂಟೆಯಾಕಾರದ ರೇಖೆಯಂತೆ ಹರಡಿಕೊಂಡಿರುತ್ತದೆ. ಅದರ ಮಾನಕ ವಿಚಲನೆಯನ್ನು ಅನುಕರಣೆಗಳಲ್ಲಿ ಅನೇಕವೇಳೆ ೮ ಡೆಸಿಬೆಲ್ ಎಂದು ಹಿಡಿಯುತ್ತಾರೆ.

ಇಂಥ ಸಂಖ್ಯೆಗಳನ್ನು ಮನೆಯಲ್ಲಿಯೇ ಉತ್ಪಾದಿಸಬಹುದು. ೧೬ ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿರಿ. ಶಿರಗಳ ಸಂಖ್ಯೆಯಿಂದ ಪುಚ್ಛಗಳ ಸಂಖ್ಯೆಯನ್ನು ಕಳೆಯಿರಿ. ಈ ವ್ಯತ್ಯಾಸದ ಮಾನಕ ವಿಚಲನೆ ೧೬ರ ವರ್ಗಮೂಲ, ಅಂದರೆ ೪. ಅದನ್ನು ಎರಡರಿಂದ ಗುಣಿಸಿದರೆ ನಮಗೆ ಬೇಕಾದ ೮ ಡೆಸಿಬೆಲ್ಲುಗಳ ಏರಿಳಿತ ಕೈಗೆ ಬಂತು. ಪ್ರತಿ ಟವರಿಗೂ ಒಮ್ಮೆಯಂತೆ ಮೂರು ಸಲ ಚಿಮ್ಮಬೇಕು.

೦.೯ ಕಿಲೋಮೀಟರಿನ ಫೋನಿಗೆ ಹೀಗೆ ಮಾಡಿದಾಗ ತನ್ನ ಟವರಿಗೆ ೬ ಶಿರ, ೧೦ ಪುಚ್ಛ ಬಿದ್ದವೆನ್ನೋಣ: ೮ ಡೆಸಿಬೆಲ್ ನಷ್ಟ, ಸಂಕೇತ ಆರನೆಯ ಒಂದು ಭಾಗಕ್ಕೆ ಇಳಿಯಿತು. ಬಲಗಡೆಯದಕ್ಕೆ ೯ ಶಿರ, ೭ ಪುಚ್ಛ: ೪ ಡೆಸಿಬೆಲ್ ಲಾಭ, ಎರಡೂವರೆಯಷ್ಟು ಏರಿತು. ಎಡಗಡೆಯದಕ್ಕೆ ಎಂಟು ಎಂಟು, ಬದಲಾವಣೆಯಿಲ್ಲ. ಪಾಪ, ಮೊದಲೇ ಅಂಚಿನಲ್ಲಿದ್ದ ಫೋನು ಈಗ ಪೂರ್ತಿ ಮುಳುಗಿತೆಂದು ತೋರುತ್ತದೆ. ಹಾಗಾಗುವುದಿಲ್ಲ! ಫೋನು ಯಾವ ಟವರಿನ ಸಂಕೇತ ಬಲವಾಗಿದೆಯೋ ಅದನ್ನೇ ಆಶ್ರಯಿಸುತ್ತದೆ. ಅದು ಬಲಗಡೆಯ ಟವರಿಗೆ ಸೇರಿಕೊಂಡರೆ ನಿಷ್ಪತ್ತಿ ೬.೭ ಆಗಿ, ವೇಗ ೧.೭ರಿಂದ ೨.೯ ಬಿಟ್ಟಿಗೆ ಏರುತ್ತದೆ. ನೆರಳು ಇಲ್ಲಿ ಅಂಚಿನವನಿಗೆ ಉಪಕಾರವನ್ನೇ ಮಾಡಿತು. ಆಯ್ಕೆಯಿರುವವನಿಗೆ ಏರಿಳಿತವು ಯಾವಾಗಲೂ ಶತ್ರುವಲ್ಲವೆಂಬ ಈ ಸಂಗತಿ ಬರಿಯ ರೇಖಾಗಣಿತದಿಂದ ಹೊಳೆಯತಕ್ಕದ್ದಲ್ಲ. ನಾಣ್ಯ ಚಿಮ್ಮಿದ ಮೇಲೆಯೇ ಕಣ್ಣಿಗೆ ಬೀಳುವುದು.

ನೆರಳಿನ ಜೊತೆಗೆ ಇನ್ನೊಂದು ಚುರುಕಾದ ಏರಿಳಿತವೂ ಉಂಟು. ಗೋಡೆಗಳಿಂದ ಪ್ರತಿಫಲಿಸಿ ಬಂದ ಅಲೆಗಳು ಒಂದು ಕಡೆ ಕೂಡಿಕೊಂಡು, ಗೇಣಿನಷ್ಟು ಆಚೆಗೆ ಪರಸ್ಪರ ಅಳಿಸಿಕೊಳ್ಳುತ್ತವೆ. ೯೦೦ ಮೆಗಾಹರ್ಟ್ಸ್ ಅಲೆಯ ತರಂಗದೂರ ೩೩ ಸೆಂಟಿಮೀಟರು. ಗಂಟೆಗೆ ೬೦ ಕಿಲೋಮೀಟರು ವೇಗದ ಬಸ್ಸು ಇದರ ಅರ್ಧದಷ್ಟು ದೂರವನ್ನು ಸೆಕೆಂಡಿಗೆ ನೂರು ಬಾರಿ ದಾಟುತ್ತದೆ. ನಮ್ಮ ನಾಣ್ಯಗಳು ಇಷ್ಟು ಬೇಗ ಬೀಳಲಾರವು. ಇದನ್ನು ಗಣಕಯಂತ್ರಕ್ಕೇ ಬಿಡೋಣ.

ಎಣಿಸಲಾಗದ್ದನ್ನು ಆಡಿ ನೋಡುವುದು

ಯಾದೃಚ್ಛಿಕ ಸಂಖ್ಯೆಗಳನ್ನು ಚಿಮ್ಮಿ ಉತ್ತರ ಪಡೆಯುವ ಈ ಕ್ರಮಕ್ಕೆ ಮಾಂಟಿ ಕಾರ್ಲೊ ವಿಧಾನವೆಂದು ಹೆಸರು. ಮೊನಾಕೊದ ಪ್ರಸಿದ್ಧ ಜೂಜುಕಟ್ಟೆಯಿಂದ ಬಂದುದು. ಗಣಿತಜ್ಞ ಸ್ಟಾನಿಸ್ಲಾಫ್ ಉಲಾಮ್ ಅವರು ೧೯೪೬ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಇಸ್ಪೀಟಿನ ಒಂಟಿಯಾಟದಲ್ಲಿ ತೊಡಗಿದ್ದಾಗ, ಆಟ ಗೆಲ್ಲುವ ಸಂಭವವೆಷ್ಟೆಂದು ಲೆಕ್ಕಹಾಕಲು ಹೊರಟು ಬೇಸತ್ತು, ನೂರು ಸಲ ಎಲೆ ಹಾಸಿ ಗೆದ್ದ ಆಟಗಳನ್ನು ಎಣಿಸುವುದೇ ಸುಲಭವಲ್ಲವೆ ಎಂದು ಯೋಚಿಸಿದರು. ಅದನ್ನು ಪರಮಾಣು ವಿಜ್ಞಾನದ ಲೆಕ್ಕಗಳಿಗೆ ಹಚ್ಚಿದವರಲ್ಲಿ ಫಾನ್ ನಾಯ್ಮನ್ ಪ್ರಮುಖರು. ಹೆಸರಿಟ್ಟವರು ಮೆಟ್ರೊಪೊಲಿಸ್. ಜೂಜಿನ ಹೆಸರನ್ನು ಹೊತ್ತ ವಿಧಾನದಿಂದ ಇಂದು ಸಾರ್ವಜನಿಕ ಸೇವೆಗಳ ಗುಣಮಟ್ಟ ನಿರ್ಧಾರವಾಗುತ್ತಿರುವುದು ಒಂದು ಸ್ವಾರಸ್ಯ.

ಮೊಬೈಲು ಜಾಲಗಳ ಅಂತರರಾಷ್ಟ್ರೀಯ ಮಾನಕಗಳನ್ನು ರೂಪಿಸುವವರು ಬಳಸುವ ಸಾಮಾನ್ಯ ನಕ್ಷೆಯಲ್ಲಿ ೧೯ ಟವರುಗಳಿರುತ್ತವೆ: ನಡುವೆ ಒಂದು, ಅದರ ಸುತ್ತ ೬, ಅದರಾಚೆ ೧೨. ಪ್ರತಿ ಟವರೂ ಮೂರು ದಿಕ್ಕಿಗೆ ಮುಖಮಾಡಿದೆಯಾಗಿ ಒಟ್ಟು ೫೭ ಭಾಗಗಳು. ಭಾಗವೊಂದಕ್ಕೆ ಹತ್ತರಂತೆ ೫೭೦ ಫೋನುಗಳನ್ನು ನಕ್ಷೆಯ ಮೇಲೆ ಚೆಲ್ಲುತ್ತಾರೆ. ಪ್ರತಿಯೊಂದು ಫೋನಿಗೂ ೫೭ ದಿಕ್ಕುಗಳಿಂದ ಸಂಕೇತ ಬರುವುದರಿಂದ ಲೆಕ್ಕಹಾಕಬೇಕಾದ ಸಂಬಂಧಗಳು ೩೨,೪೯೦. ನಾಲ್ಕನೆಯ ಪೀಳಿಗೆಯ ಜಾಲದಲ್ಲಿ ಟವರು ಪ್ರತಿ ಮಿಲಿಸೆಕೆಂಡಿಗೊಮ್ಮೆ ಯಾರ ಸರದಿಯೆಂದು ತೀರ್ಮಾನಿಸುತ್ತದೆ. ಆದುದರಿಂದ ಒಂದೇ ಒಂದು ಸೆಕೆಂಡಿನ ಅನುಕರಣೆಗೆ ಮೂರು ಕೋಟಿಗೂ ಮೀರಿದ ಲೆಕ್ಕಗಳಾಗುತ್ತವೆ.

ಇದರಲ್ಲಿ ಒಂದು ತೊಡಕಿದೆ. ನಕ್ಷೆಯ ಹೊರ ಅಂಚಿನ ಟವರುಗಳಿಗೆ ಒಂದು ಪಕ್ಕದಲ್ಲಿ ನೆರೆಯೇ ಇಲ್ಲ. ಅಲ್ಲಿ ಅಡ್ಡಿ ಕಡಿಮೆಯಾಗಿ, ಆ ಫೋನುಗಳು ಅನ್ಯಾಯವಾಗಿ ಸುಖಪಡುತ್ತವೆ. ನಕ್ಷೆಯನ್ನು ಹಿಗ್ಗಿಸುತ್ತ ಹೋದರೆ ಲೆಕ್ಕ ಬೆಳೆಯುತ್ತದೆ. ಆದುದರಿಂದ ನಕ್ಷೆಯ ಎದುರುಬದುರು ಅಂಚುಗಳನ್ನು ಗಣಿತದಲ್ಲಿ ಹೊಲಿದುಬಿಡುತ್ತಾರೆ. ಬಲಕ್ಕೆ ಹೊರಟ ಅಲೆ ಎಡದಿಂದ ಒಳಕ್ಕೆ ಬರುತ್ತದೆ. ಹೀಗೆ ಹೊಲಿದ ನೆಲದ ಆಕಾರ ನಮ್ಮ ಕೋಡುಬಳೆಯದು! ಕೋಡುಬಳೆಗೆ ಅಂಚೆಂಬುದಿಲ್ಲ, ಎಲ್ಲರಿಗೂ ಎಲ್ಲ ಕಡೆಯೂ ನೆರೆಯುಂಟು.

ಸರದಿಯ ಮಾತು ಬಂತಷ್ಟೆ. ನಮ್ಮ ರಸ್ತೆಯಲ್ಲಿ ಇಬ್ಬರೇ ಇದ್ದಾರೆಂದುಕೊಳ್ಳೋಣ, ೬.೨ ಬಿಟ್ಟಿನವನೊಬ್ಬ, ೧.೭ ಬಿಟ್ಟಿನವನೊಬ್ಬ. ಟವರು ಕಾಲವನ್ನು ಸಮನಾಗಿ ಹಂಚಿದರೆ ಒಬ್ಬನಿಗೆ ೩.೧, ಇನ್ನೊಬ್ಬನಿಗೆ ೦.೮೫, ಒಟ್ಟು ಸುಮಾರು ೩.೯. ಹತ್ತಿರದವನಿಗೇ ಎಲ್ಲವನ್ನೂ ಕೊಟ್ಟು ದೂರದವನನ್ನು ಮರೆತರೆ ಒಟ್ಟು ೬.೨. ಸರಾಸರಿಯೊಂದನ್ನೇ ನೋಡುವವನ ಕಣ್ಣಿಗೆ ಎರಡನೆಯ ಜಾಲವೇ ಉತ್ತಮ! ಈ ಅಪಾಯವನ್ನು ತಪ್ಪಿಸಲೆಂದೇ ಅನುಕರಣೆಯ ಫಲಿತಾಂಶದಲ್ಲಿ ಎರಡು ಸಂಖ್ಯೆಗಳನ್ನು ಕೇಳುತ್ತಾರೆ. ಒಂದು ಸರಾಸರಿ, ಇನ್ನೊಂದು, ಫೋನುಗಳನ್ನೆಲ್ಲ ವೇಗದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ಕೆಳಗಿನಿಂದ ಶೇಕಡಾ ೫ರ ಗೆರೆಯಲ್ಲಿ ನಿಂತವನ ವೇಗ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಐದನೆಯ ಪೀಳಿಗೆಗೆ ೨೦೧೭ರಲ್ಲಿ ಗೊತ್ತುಪಡಿಸಿದ ಅಳತೆಗೋಲಿನಲ್ಲಿ, ಗ್ರಾಮೀಣ ಪರಿಸರದಲ್ಲಿ ಟವರಿನಿಂದ ಫೋನಿಗೆ ಬರುವ ದಾರಿಗೆ ಸರಾಸರಿ ೩.೩ ಬಿಟ್, ಗೆರೆಯವನಿಗೆ ೦.೧೨ ಬಿಟ್ ಎಂದಿದೆ. ೩.೩ ಎಂಬುದು ಹತ್ತು ಮಂದಿಯ ಒಟ್ಟು, ತಲಾ ೦.೩೩. ಅಂದರೆ ಬಡಪಾಯಿಗೆ ಸರಾಸರಿ ಪಾಲಿನ ಮೂರನೆಯ ಒಂದಂಶಕ್ಕಿಂತ ತುಸು ಹೆಚ್ಚು ಸಿಕ್ಕರೆ ಪರೀಕ್ಷೆ ಪಾಸು. ಇದು ಉದಾರವಾದ ಅಳತೆಗೋಲೆಂದು ನಮಗೇನೂ ತೋರುವುದಿಲ್ಲ, ಇಲ್ಲದಿರುವುದಕ್ಕಿಂತ ಲೇಸು.

ಈ ಗೆರೆಯನ್ನು ನಿಖರವಾಗಿ ಗುರುತಿಸುವುದೂ ಸುಲಭವಲ್ಲ. ನೂರು ಫೋನುಗಳನ್ನು ಚೆಲ್ಲಿದರೆ ಗೆರೆಯ ಕೆಳಗೆ ಬೀಳುವವು ಐದೇ. ಅದೃಷ್ಟವಶಾತ್ ಮೂರೋ ಏಳೋ ಆಗಬಹುದು. ಸಂಭವಗಣಿತದಂತೆ ಇದರ ವಿಚಲನೆ ಶೇಕಡಾ ೨.೨ರಷ್ಟು, ಅಂದರೆ ಐದರ ಅರ್ಧದಷ್ಟು! ಹತ್ತು ಸಾವಿರ ಫೋನುಗಳನ್ನು ಚೆಲ್ಲಿದರೆ ಅದು ೦.೨೨ಕ್ಕೆ ಇಳಿಯುತ್ತದೆ. ಶ್ರಮ ನೂರರಷ್ಟಾದರೆ ತಪ್ಪು ಹತ್ತನೆಯ ಒಂದು ಭಾಗ. ಆದುದರಿಂದಲೇ ಫೋನುಗಳನ್ನು ಒಮ್ಮೆ ಚೆಲ್ಲಿ ತೃಪ್ತರಾಗದೆ, ಗುಡಿಸಿ ಮತ್ತೆ ಮತ್ತೆ ಚೆಲ್ಲುತ್ತಾರೆ.

೧೭೩೨ ಮೀಟರಿನ ಒಗಟು

ಅನುಕರಣೆಯ ಗ್ರಾಮೀಣ ನಕ್ಷೆಗಳಲ್ಲಿ ಎರಡು ಟವರುಗಳ ನಡುವಿನ ದೂರವನ್ನು ಬಹುಕಾಲದಿಂದ ೧೭೩೨ ಮೀಟರು ಎಂದು ಹಿಡಿಯುತ್ತ ಬಂದಿದ್ದಾರೆ. ಇದೆಲ್ಲಿಯ ವಿಚಿತ್ರ ಸಂಖ್ಯೆ? ೩ರ ವರ್ಗಮೂಲ ೧.೭೩೨ ಎಂಬುದು ವಿದ್ಯಾರ್ಥಿಗಳಿಗೆ ಕೂಡಲೇ ನೆನಪಾಗಬೇಕು. ಷಟ್ಕೋನದ ಕೇಂದ್ರದಿಂದ ಮೂಲೆಗೆ ೧ ಕಿಲೋಮೀಟರು ಎಂದು ಎಳೆದರೆ ಅಕ್ಕಪಕ್ಕದ ಕೇಂದ್ರಗಳ ನಡುವೆ ಸರಿಯಾಗಿ ಇಷ್ಟೇ ದೂರ. ಅಂದರೆ ಈ ಸಂಖ್ಯೆಯ ಹಿಂದಿರುವುದು ಕೈವಾರದ ಅನುಕೂಲವೇ ಹೊರತು ಯಾವ ಹಳ್ಳಿಯ ಅಳತೆಯೂ ಅಲ್ಲ. ಆ ಹಳೆಯ ನಕ್ಷೆಯ ಗ್ರಾಮವಾಸಿಗಳಲ್ಲಿ ಅರ್ಧ ಮಂದಿ ಮನೆಯೊಳಗಿರುತ್ತಾರೆ. ಉಳಿದರ್ಧ ಮಂದಿ ಗಂಟೆಗೆ ೧೨೦ ಕಿಲೋಮೀಟರು ವೇಗದ ಕಾರುಗಳಲ್ಲಿ ಕುಳಿತಿರುತ್ತಾರೆ. ನಮ್ಮ ಯಾವ ಹಳ್ಳಿಯಲ್ಲಿ ಅರ್ಧ ಊರು ಹೀಗೆ ಓಡಾಡುತ್ತದೆ?

ಭಾರತದ ಪರಿಸ್ಥಿತಿಯೇ ಬೇರೆ. ಟವರಿಗೆ ಮಾಹಿತಿಯನ್ನು ತಂದುಕೊಡಲು ಆಪ್ಟಿಕಲ್ ಫೈಬರ್ ತಂತಿ ಬೇಕು. ಭಾರತ್ ನೆಟ್ ಎಂಬ ಹೆಸರಿನಿಂದ ಈಗ ನಡೆಯುತ್ತಿರುವ, ೨೦೧೧ರಲ್ಲಿ ಮಂಜೂರಾದ ಯೋಜನೆಯ ಗುರಿ ಆ ತಂತಿಯನ್ನು ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಮುಟ್ಟಿಸುವುದು. ಪಂಚಾಯಿತಿ ಇರುವ ಊರಿನಲ್ಲಿ ಟವರನ್ನು ನಿಲ್ಲಿಸಿದರೆ, ಅದು ಸುತ್ತಲಿನ ಹಳ್ಳಿಗಳನ್ನೂ ಕೊಪ್ಪಲುಗಳನ್ನೂ ಮೂರು ಕಿಲೋಮೀಟರಿನವರೆಗೆ ಸಲಹಬೇಕು. ಆಗ ಟವರುಗಳ ನಡುವಿನ ದೂರ ೬ ಕಿಲೋಮೀಟರು. ೧೭೩೨ ಮೀಟರಿಗೆ ಇದು ಮೂರೂವರೆಯಷ್ಟಾದರೂ, ಟವರೊಂದು ನೋಡಿಕೊಳ್ಳಬೇಕಾದ ನೆಲ ೨.೬ ಚದರ ಕಿಲೋಮೀಟರಿನಿಂದ ೩೧ಕ್ಕೆ, ಎಂದರೆ ಹನ್ನೆರಡರಷ್ಟಕ್ಕೆ ಬೆಳೆಯುತ್ತದೆ.

ಈಗ ನಮ್ಮ ರಸ್ತೆಯ ಅನುಕರಣೆಗೆ ಹಿಂದಿರುಗೋಣ. ೨ ಕಿಲೋಮೀಟರಿನ ಬದಲು ೬ ಕಿಲೋಮೀಟರಿಗೊಂದು ಟವರು ಇಟ್ಟರೆ ಅಂಚಿನವನ ಪಾಡೇನು? ದೂರಗಳೆಲ್ಲ ಮೂರರಷ್ಟಾದವು. ಆದರೆ ನಾವು ತೆಗೆದುಕೊಳ್ಳುವುದು ದೂರಗಳ ನಿಷ್ಪತ್ತಿಯನ್ನು. ಮೇಲೆ ಮೂರು, ಕೆಳಗೆ ಮೂರು, ಹೊಡೆದುಹೋಯಿತು. ಉತ್ತರ ಕಿಂಚಿತ್ತೂ ಬದಲಾಗುವುದಿಲ್ಲ! ಈ ಲೆಕ್ಕವನ್ನು ನಂಬಿದರೆ ಟವರುಗಳನ್ನು ಅರುವತ್ತು ಕಿಲೋಮೀಟರಿಗೊಂದರಂತೆ ನೆಟ್ಟರೂ ಸಾಕು. ಹಳ್ಳಿಯು ನಗರದಷ್ಟೇ ಸುಖವಾಗಿದೆಯೆಂದು ಕಾಗದ ಸಾಕ್ಷಿ ಹೇಳುತ್ತದೆ.

ಬಿಟ್ಟುಹೋದುದೇನೆಂದರೆ ಗದ್ದಲ. ನೆರೆಯ ಟವರಿನ ಅಡ್ಡಿಯಲ್ಲ, ಗ್ರಾಹಕಯಂತ್ರದ ತಂತಿಗಳೊಳಗೆ ಉಷ್ಣದಿಂದ ತಳಮಳಿಸುವ ಎಲೆಕ್ಟ್ರಾನುಗಳು ಎಬ್ಬಿಸುವ ಗದ್ದಲ. ಜಾನ್ಸನ್ ಮತ್ತು ನೈಕ್ವಿಸ್ಟ್ ಅವರು ೧೯೨೮ರಲ್ಲಿ ಇದನ್ನು ವಿವರಿಸಿದರು. ಟವರು ಎಷ್ಟೇ ದೂರ ಸರಿಯಲಿ, ಇದು ಮಾತ್ರ ಇದ್ದಷ್ಟೇ ಇರುತ್ತದೆ. ನಗರದಲ್ಲಿ ಅಡ್ಡಿಯ ಮುಂದೆ ಈ ಗದ್ದಲ ನಗಣ್ಯವಾದ್ದರಿಂದ ನಮ್ಮ ಲೆಕ್ಕ ನಡೆಯಿತು.

ಗದ್ದಲವನ್ನು ಸೇರಿಸೋಣ. ೨ ಕಿಲೋಮೀಟರಿನ ರಸ್ತೆಯಲ್ಲಿ ನಡುಗಡಿಯ ಫೋನಿಗೆ ಬರುವ ಸಂಕೇತವು ಗದ್ದಲದ ನೂರರಷ್ಟಿದೆಯೆಂದು ಉದಾಹರಣೆಗಾಗಿ ಹಿಡಿಯೋಣ. ಪಟ್ಟಿಯ ಅಗಲ ೧೦ ಮೆಗಾಹರ್ಟ್ಸ್. ಆಗ ಅದರ ವೇಗದ ಮ��ತಿ ಸೆಕೆಂಡಿಗೆ ೯೮ ಲಕ್ಷ ಬಿಟ್. ಟವರುಗಳು ೬ ಕಿಲೋಮೀಟರಿಗೆ ಸರಿದಾಗ ಸಂಕೇತ ೮೧ನೆಯ ಒಂದು ಭಾಗವಾಗಿ, ಗದ್ದಲಕ್ಕಿಂತ ಸ್ವಲ್ಪವೇ ಮೇಲಿರುತ್ತದೆ; ವೇಗ ೬೩ ಲಕ್ಷಕ್ಕೆ ಇಳಿಯುತ್ತದೆ. ನಷ್ಟವೇ, ಆದರೆ ತಡೆದುಕೊಳ್ಳಬಹುದು.

ತಡೆದುಕೊಳ್ಳಲಾಗದ ನಷ್ಟ ಹಿಂದಿರುಗುವ ದಾರಿಯಲ್ಲಿದೆ. ಟವರು ೪೦ ವ್ಯಾಟ್ ಶಕ್ತಿಯಿಂದ ಕೂಗಬಲ್ಲುದು. ಕೈಯಲ್ಲಿರುವ ಫೋನಿನ ಸಾಮಾನ್ಯ ಮಿತಿ ೨೦೦ ಮಿಲಿವ್ಯಾಟ್, ಅದರ ಇನ್ನೂರನೆಯ ಒಂದು ಭಾಗ. ನೆರೆಯ ಅಡ್ಡಿಯನ್ನು ಈ ಸಲ ಪೂರ್ತಿ ಬಿಟ್ಟು ಗದ್ದಲವೊಂದನ್ನೇ ಲೆಕ್ಕಕ್ಕೆ ಹಿಡಿದರೂ, ೧ ಕಿಲೋಮೀಟರಿನಲ್ಲಿ ಸೆಕೆಂಡಿಗೆ ೫೮ ಲಕ್ಷ ಬಿಟ್ ಕಳುಹಿಸಬಲ್ಲ ಫೋನು ೩ ಕಿಲೋಮೀಟರಿನಲ್ಲಿ ಕಳುಹಿಸಬಲ್ಲುದು ೮೯ ಸಾವಿರ ಮಾತ್ರ. ಪುಸ್ತಕದ ಪುಟದ ಚಿತ್ರವೊಂದು ೧೬೦ ಲಕ್ಷ ಬಿಟ್ ಆಗುವುದೆಂದರೆ, ಅದನ್ನು ನಗರದ ವಿದ್ಯಾರ್ಥಿ ಮೂರು ಸೆಕೆಂಡಿನೊಳಗೆ ಕಳುಹಿಸುತ್ತಾನೆ. ಹಳ್ಳಿಯ ಅಂಚಿನ ವಿದ್ಯಾರ್ಥಿನಿಗೆ ಮೂರು ನಿಮಿಷ ಬೇಕು. ಆಕೆ ಪಾಠವನ್ನು ಕೇಳಬಹುದು, ಉತ್ತರವನ್ನು ಒಪ್ಪಿಸುವುದು ಕಷ್ಟ.

ಐದನೆಯ ಪೀಳಿಗೆಯ ಪರೀಕ್ಷೆಗಳು ಅಂತರರಾಷ್ಟ್ರೀಯ ಒಕ್ಕೂಟದಲ್ಲಿ ಚರ್ಚೆಗೆ ಬಂದಾಗ ಭಾರತದ ಎಂಜಿನಿಯರುಗಳು ಎತ್ತಿದ ಪ್ರಶ್ನೆ ಈ ನಕ್ಷೆಯದೇ ಆಗಿತ್ತು. ಅವರ ಒತ್ತಾಯದಿಂದ ೨೦೧೭ರ ಪರೀಕ್ಷಾಕ್ರಮದಲ್ಲಿ ಕಡಿಮೆ ಚಲನೆಯ ದೊಡ್ಡ ಕೋಶವೆಂಬ ಹೊಸ ಗ್ರಾಮೀಣ ನಕ್ಷೆ ಸೇರಿತು. ಅದರಲ್ಲಿ ಟವರುಗಳ ನಡುವೆ ೬೦೦೦ ಮೀಟರು, ಕಂಪನಾಂಕ ೭೦೦ ಮೆಗಾಹರ್ಟ್ಸ್. ಜನರಲ್ಲಿ ಶೇಕಡಾ ೪೦ ಮನೆಯೊಳಗೆ, ೪೦ ಕಾಲ್ನಡಿಗೆಯಲ್ಲಿ, ೨೦ ಮಾತ್ರ ವಾಹನದಲ್ಲಿ, ಅದೂ ಗಂಟೆಗೆ ೩೦ ಕಿಲೋಮೀಟರಿನಲ್ಲಿ. ಐದನೆಯ ಪೀಳಿಗೆಯೆಂದು ಕರೆಸಿಕೊಳ್ಳಬಯಸುವ ಯಾವ ತಂತ್ರವೂ ೧೭೩೨ರ ನಕ್ಷೆಯೊಡನೆ ಈ ನಕ್ಷೆಯಲ್ಲಿಯೂ ಸರಾಸರಿಯ ಗುರಿಯನ್ನು ಮುಟ್ಟಿ ತೋರಿಸಬೇಕಾಯಿತು. ಒಂದು ಟವರನ್ನೂ ಕಟ್ಟಿರಲಿಲ್ಲ, ಒಂದು ತಂತಿಯನ್ನೂ ಎಳೆದಿರಲಿಲ್ಲ. ಅನುಕರಣೆಗೆ ಉಣಿಸಬೇಕಾದ ಸಂಖ್ಯೆಯೊಂದು ಬದಲಾಗಿತ್ತು.

ಆ ಪರೀಕ್ಷೆಯನ್ನು ಉದ್ದೇಶವಾಗಿಟ್ಟುಕೊಂಡು ಭಾರತದ ದೂರಸಂಪರ್ಕ ಮಾನಕ ಸಂಸ್ಥೆಯು ೫ಜಿಐ ಎಂಬ ರೂಪಾಂತರವನ್ನು ಸಿದ್ಧಪಡಿಸಿತು. ಅಂತರರಾಷ್ಟ್ರೀಯ ಒಕ್ಕೂಟ ೨೦೨೧ರಲ್ಲಿ ಅದಕ್ಕೆ ಮನ್ನಣೆ ಕೊಟ್ಟಿತು. ಮುಂದೆ ಅದು ಜಗತ್ತಿನ ಸಾಮಾನ್ಯ ೫ಜಿ ಮಾನಕದಲ್ಲಿ ವಿಲೀನವಾಯಿತು. ಅದರ ಒಂದು ಮುಖ್ಯ ಉಪಾಯ ಫೋನಿನಿಂದ ಟವರಿಗೆ ಹೋಗುವ ಅಲೆಯನ್ನು ಕುರಿತದ್ದು. ಸಾಮಾನ್ಯವಾಗಿ ಈ ಅಲೆಯಲ್ಲಿ ಅಲ್ಲಲ್ಲಿ ಎತ್ತರವಾದ ಶಿಖರಗಳೇಳುತ್ತವೆ. ಶಿಖರವು ಚಪ್ಪಟೆಯಾಗಿ ಸಂಕೇತ ಕೆಡಬಾರದೆಂದು ಫೋನು ತನ್ನ ಶಕ್ತಿಯನ್ನು ಪೂರ್ತಿ ಬಳಸದೆ ಹಿಂದೆಗೆಯುತ್ತದೆ. ಶಿಖರಗಳೇಳದಂತೆ ಅಲೆಯನ್ನು ತಿದ್ದಿದರೆ ಅದೇ ಫೋನು ಹೆಚ್ಚು ಶಕ್ತಿಯಿಂದ ಕೂಗಬಹುದು. ನಮ್ಮ ರಸ್ತೆಯ ಲೆಕ್ಕದಲ್ಲಿ ಫೋನಿನ ಶಕ್ತಿಯನ್ನು ಎರಡರಷ್ಟು ಮಾಡಿ ನೋಡಿದರೆ, ೮೯ ಸಾವಿರ ೧ ಲಕ್ಷ ೭೭ ಸಾವಿರವಾಗಿ, ಮೂರು ನಿಮಿಷದ ಕೆಲಸ ಒಂದೂವರೆ ನಿಮಿಷಕ್ಕೆ ಇಳಿಯುತ್ತದೆ.

ಈ ಲೆಕ್ಕಗಳನ್ನು ಮುಂದುವರಿಸಲು ಬಯಸುವ ಕಾಲೇಜು ವಿದ್ಯಾರ್ಥಿಗಳಿಗೆ ಎನ್ಎಸ್-೩ ಎಂಬ ಅನುಕರಣ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದರ ಒಳಗಿನ ಬರವಣಿಗೆಯನ್ನೂ ಓದಿ ತಿದ್ದಬಹುದು. ಪ್ರೌಢಶಾಲೆಯವರಿಗೆ ೧೬ ನಾಣ್ಯಗಳೂ ಲಘುಗಣಕದ ಕೋಷ್ಟಕವೂ ಸಾಕು. ಟವರುಗಳ ನಡುವೆ ೪ ಕಿಲೋಮೀಟರು ಇಟ್ಟು ಅಂಚಿನ ಫೋನು ಹಿಂದಕ್ಕೆ ಕಳುಹಿಸುವ ವೇಗವನ್ನು ಲೆಕ್ಕಹಾಕಿರಿ. ಸೆಕೆಂಡಿಗೆ ಸುಮಾರು ೪ ಲಕ್ಷ ೪೪ ಸಾವಿರ ಬಿಟ್ ಬರಬೇಕು.